ಕರಡು ಇರುವಾಗಲೇ ತೋರಿಸಲು ಬಿಡಿ: ಇತಿಹಾಸ, ಹಳಗನ್ನಡ ವಿಭಾಗಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ ಹಾಗೂ ಇತಿಹಾಸ, ಪ್ರಾಚೀನ ಇತಿಹಾಸ ಮತ್ತು ಪುರಾತತ್ವ, ಕನ್ನಡ, ಸಂಸ್ಕೃತ ವಿಭಾಗಗಳ ಮುಖ್ಯಸ್ಥರಿಗೆ,

ಮಾನ್ಯರೇ,

ನಮ್ಮ ವಿಭಾಗಗಳಲ್ಲಿ ಸಂಶೋಧನಾರ್ಥಿಯ ಕೆಲಸವನ್ನು ಮಾರ್ಗದರ್ಶಕರ ಹೊರತು ಬೇರೆಯವರು ನೋಡುವ ಸಂದರ್ಭಗಳು ಎರಡೇ. ಒಂದು, ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದಿನ ಹಾಜರಿ. ಇನ್ನೊಂದು, ವಿಚಾರ ಸಂಕಿರಣ. ಸಮಿತಿ ಕೇಳುವುದು ಎಷ್ಟು ಅಧ್ಯಾಯ ಮುಗಿಯಿತು, ಕ್ಷೇತ್ರಕಾರ್ಯ ಎಲ್ಲಿಗೆ ಬಂತು ಎಂದು. ಸಂಕಿರಣದಲ್ಲಿ ಉದ್ಘಾಟನೆ, ಸನ್ಮಾನ, ಊಟ ಕಳೆದು ಉಳಿದ ಹೊತ್ತನ್ನು ಹತ್ತಾರು ಜನ ಹಂಚಿಕೊಳ್ಳುತ್ತಾರೆ; ಪ್ರಶ್ನೆ ಕೇಳಲು ಎದ್ದವರಿಗೆ ‘ಸಮಯದ ಅಭಾವ’ ಎಂಬ ಉತ್ತರ ಸಿಗುತ್ತದೆ. ಶಾಸನದ ಐದನೇ ಸಾಲನ್ನೋ ಓಲೆಗರಿಯ ಪಾಠಾಂತರವನ್ನೋ ತೇದಿಯ ಲೆಕ್ಕವನ್ನೋ ಕಣ್ಣಿಟ್ಟು ನೋಡುವವರು ಎರಡೂ ಕಡೆ ಇಲ್ಲ. ತಪ್ಪು ಹೊರಬೀಳುವುದು ಮಹಾಪ್ರಬಂಧ ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಭಂಡಾರ ಸೇರಿದ ಮೇಲೆ. ಅಷ್ಟು ಹೊತ್ತಿಗೆ ಅದನ್ನು ಉಲ್ಲೇಖಿಸಿ ಇನ್ನೊಬ್ಬರು ಬರೆದಾಗಿರುತ್ತದೆ.

ನಾವು ಕೇಳುವುದು ಇಷ್ಟು: ತಿಂಗಳಿಗೊಮ್ಮೆ, ಎರಡು ಮೂರು ವಿಭಾಗಗಳ ಸಂಶೋಧನಾರ್ಥಿಗಳು ಸೇರಿ, ಇನ್ನೂ ಮುಗಿಯದ ಕೆಲಸವನ್ನು ಅದರ ಮೂಲ ಆಧಾರದ ಸಮೇತ ಒಬ್ಬರಿಗೊಬ್ಬರು ತೋರಿಸುವ ಕೂಟ. ‘ಕರಡು ಕೂಟ’ ಎಂದು ಕರೆಯೋಣ. ಇದಕ್ಕೆ ಹೊಸ ನಿಯಮವೇನೂ ಬೇಕಿಲ್ಲ. ಯುಜಿಸಿಯ 2022ರ ಪಿಎಚ್‌.ಡಿ. ನಿಯಮಾವಳಿ ಪ್ರತಿ ಸೆಮಿಸ್ಟರಿನಲ್ಲೂ ಸಲಹಾ ಸಮಿತಿಯ ಮುಂದೆ ಮಂಡನೆ ಇರಬೇಕು ಎನ್ನುತ್ತದೆ. ಪ್ರಬಂಧ ಸಲ್ಲಿಸುವ ಮುನ್ನ ನಡೆಯುವ ಮಂಡನೆ ಎಲ್ಲ ಅಧ್ಯಾಪಕರಿಗೂ ಸಂಶೋಧನಾರ್ಥಿಗಳಿಗೂ ತೆರೆದಿರಬೇಕು ಎಂದೂ ಹೇಳುತ್ತದೆ. ಆದರೆ ಕೊನೆಯ ಗಳಿಗೆಯಲ್ಲಿ ಬಾಗಿಲು ತೆರೆದರೆ ಆಗುವ ಪ್ರಯೋಜನವೇನು? ಬೈಂಡಿಂಗಿಗೆ ಕೊಡುವ ವಾರದಲ್ಲಿ ‘ನಿಮ್ಮ ಎರಡನೇ ಅಧ್ಯಾಯದ ರಾಜನ ಕಾಲವೇ ತಪ್ಪಿದೆ’ ಎಂದು ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ, ಹೇಳಿದರೂ ಕೇಳುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಅದೇ ನಿಯಮಾವಳಿ, ಸಲ್ಲಿಕೆಗೆ ಮೊದಲು ಪ್ರಕಟಣೆ ಕಡ್ಡಾಯ ಎಂಬ 2016ರ ಷರತ್ತನ್ನೂ ಕೈಬಿಟ್ಟಿದೆ. ಹಣ ಕೊಟ್ಟು ಅಚ್ಚು ಹಾಕಿಸುವ ಪತ್ರಿಕೆಗಳ ಹಿಂದೆ ಓಡುತ್ತಿದ್ದ ಹೊತ್ತು ಈಗ ಉಳಿದಿದೆ. ಅದನ್ನು ಇಲ್ಲಿ ಹಾಕಬಹುದು.

ಅರೆಬೆಂದ ಕೆಲಸವನ್ನು ಹೊರಗೆ ಇಡುವುದು ನಮ್ಮ ಪರಂಪರೆಯಲ್ಲ ಎಂದು ಕೆಲವು ಹಿರಿಯರು ಹೇಳುವುದುಂಟು. ಚರಿತ್ರೆ ಬೇರೆಯೇ ಹೇಳುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್‌. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಬಂದ ಮೇಲೆ ಅವರು ಗ್ರಂಥ ಮುಗಿಯಲಿ ಎಂದು ಕಾಯಲಿಲ್ಲ. 1905ರಿಂದಲೇ ಅನುವಾದದ ಭಾಗಗಳನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸತೊಡಗಿದರು; ಮೂಲಪಾಠ ಬಂದದ್ದು 1909ರಲ್ಲಿ, ಪೂರ್ಣ ಇಂಗ್ಲಿಷ್ ಅನುವಾದ 1915ರಲ್ಲಿ. ಗಂಗರ ತಾಮ್ರಶಾಸನಗಳಲ್ಲಿ ಬಹುಪಾಲು ಕೂಟಶಾಸನಗಳೆಂದು, ಅಂದರೆ ನಕಲಿ ಶಾಸನಗಳೆಂದು, ಶಾಸನತಜ್ಞ ಫ್ಲೀಟ್, ಅಲ್ಲವೆಂದು ಇನ್ನೊಬ್ಬ ಶಾಸನತಜ್ಞ ರೈಸ್ ವರ್ಷಗಟ್ಟಲೆ ಅಚ್ಚಿನಲ್ಲೇ ಜಗಳವಾಡಿದರು. ಆ ಜಗಳದ ಫಲವಾಗಿಯೇ ಲಿಪಿ, ತೇದಿ, ವಂಶಾವಳಿ ಮೂರನ್ನೂ ಬೇರೆಬೇರೆಯಾಗಿ ಪರೀಕ್ಷಿಸುವ ಶಿಸ್ತು ಇಲ್ಲಿ ಬೇರೂರಿತು. ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳೂ ಹಾಗೆಯೇ. ಎಂ.ಎಚ್‌. ಕೃಷ್ಣ ಅವರು ಗುರುತಿಸಿದ ಹಲ್ಮಿಡಿ ಶಾಸನ 1936ರ ವರದಿಯಲ್ಲಿ ಬಂತು. ಅದರ ಕೆಲವು ಪದಗಳ ಅರ್ಥದ ಚರ್ಚೆ ಇಂದಿಗೂ ನಿಂತಿಲ್ಲ. ಎಲ್ಲ ಅನುಮಾನ ತೀರಲಿ ಎಂದು ಕೂತಿದ್ದರೆ ಅದು ಇಲಾಖೆಯ ಕಪಾಟಿನಲ್ಲೇ ಇರುತ್ತಿತ್ತು.

ಇನ್ನು ಕೂಟ ನಡೆಸುವ ಬಗೆ. ಆರರಿಂದ ಹತ್ತು ಜನ ಸಾಕು. ಹದಿನೈದು ದಾಟಿದರೆ ಅದು ಭಾಷಣವಾಗುತ್ತದೆ. ಕನಿಷ್ಠ ಎರಡು ವಿಭಾಗಗಳವರು ಇರಲೇಬೇಕು, ಏಕೆಂದರೆ ಶಾಸನದ ಗದ್ಯದಲ್ಲಿ ಇತಿಹಾಸದವರು ಎಡವುವ ಜಾಗವೇ ಬೇರೆ, ಕನ್ನಡದವರು ಎಡವುವ ಜಾಗವೇ ಬೇರೆ. ಇತಿಹಾಸದ ವಿದ್ಯಾರ್ಥಿ ಬಿರುದಾವಳಿಯನ್ನು ಘಟನೆಯೆಂದು ಓದುತ್ತಾರೆ. ಕನ್ನಡದ ವಿದ್ಯಾರ್ಥಿ ಛಂದಸ್ಸು ಸರಿಯಾಗಿ ಹಿಡಿದು ದತ್ತಿಯ ಅಳತೆಯನ್ನು ಬಿಟ್ಟುಬಿಡುತ್ತಾರೆ: ಮತ್ತರು, ಕಮ್ಮ, ಖಂಡುಗ ಎಲ್ಲವನ್ನೂ ‘ಸ್ವಲ್ಪ ಭೂಮಿ’ ಎಂದು ದಾಟಿಸಿದ ಅಧ್ಯಾಯಗಳಿವೆ. ಅಧ್ಯಕ್ಷತೆ ಸಂಶೋಧನಾರ್ಥಿಗಳಲ್ಲೇ ಸರದಿ ಮೇಲೆ ತಿರುಗಲಿ. ಮಂಡಿಸುವವರ ಮಾರ್ಗದರ್ಶಕರು ಬರಬಹುದು, ಆದರೆ ಕೊನೆಗೆ ಮಾತಾಡಲಿ. ಗುರುಗಳು ಮೊದಲೇ ತೀರ್ಪು ಕೊಟ್ಟರೆ ಕೋಣೆಯಲ್ಲಿ ಉಳಿದವರು ತಲೆಯಾಡಿಸುವುದಷ್ಟೇ ಉಳಿಯುತ್ತದೆ.

ಏಳು ದಿನ ಮುಂಚೆ ಕಳಿಸಬೇಕಾದದ್ದು ಅಧ್ಯಾಯವಲ್ಲ. ನಲವತ್ತು ಪುಟ ಕಳಿಸಿದರೆ ಯಾರೂ ಓದಿ ಬರುವುದಿಲ್ಲ. ಒಂದು ಪುಟದಲ್ಲಿ ಪ್ರಶ್ನೆ, ಅದಕ್ಕೆ ಸದ್ಯಕ್ಕಿರುವ ಉತ್ತರ, ಉತ್ತರ ಎಲ್ಲಿ ಅಲ್ಲಾಡುತ್ತಿದೆ ಎಂಬುದು. ಅದರ ಜೊತೆಗೆ ಆಧಾರ: ಒಂದು ಶಾಸನ, ಇಲ್ಲವೆ ಕಾವ್ಯದ ಹತ್ತು ಪದ್ಯ, ಇಲ್ಲವೆ ಕಡತದ ಎರಡು ಪುಟ. ಎಲ್ಲ ಸೇರಿ ಆರು ಪುಟ ಮೀರದಿರಲಿ. ಕಡತವನ್ನು ಯೂನಿಕೋಡ್‌ನಲ್ಲೇ ಕಳಿಸಿ, ಜೊತೆಗೊಂದು ಪಿಡಿಎಫ್ ಇರಲಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಅಕ್ಷರದಲ್ಲಿ ಬೆರಳಚ್ಚು ಮಾಡಿದ್ದು ಇನ್ನೊಬ್ಬರ ಯಂತ್ರದಲ್ಲಿ ಚೆಲ್ಲಾಪಿಲ್ಲಿಯಾಗುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ. ಹಳಗನ್ನಡದ ಱ, ೞ ಎರಡೂ ಯೂನಿಕೋಡ್‌ನಲ್ಲಿವೆ (ೞಕಾರಕ್ಕೆ ಅಲ್ಲಿ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿದೆ, ಅಕ್ಷರ ಮಾತ್ರ ಸರಿಯಾಗಿದೆ). ಕೀಲಿಮಣೆಯಲ್ಲಿ ಸಿಗಲಿಲ್ಲವೆಂದು ಱ ಜಾಗದಲ್ಲಿ ರ, ೞ ಜಾಗದಲ್ಲಿ ಳ ಹಾಕಿ ಕಳಿಸಬಾರದು. ಅನೇಕ ಕಡೆ ಕಾಲ ನಿರ್ಣಯಕ್ಕೆ ಸಿಗುವ ಸುಳಿವೇ ಆ ಅಕ್ಷರ.

ಕೂಟದ ಅರ್ಧ ಸತ್ತ್ವ ಇರುವುದು ಶಾಸನವನ್ನು ನೋಡುವ ಕ್ರಮದಲ್ಲಿ. ಮೊದಲು ಪರದೆಯ ಮೇಲೆ ಕಲ್ಲಿನ ಚಿತ್ರ ಅಥವಾ ಪಡಿಯಚ್ಚು (ಒದ್ದೆ ಕಾಗದ ಬಡಿದು ಮಸಿ ತಟ್ಟಿ ತೆಗೆದ ಅಚ್ಚು) ಮಾತ್ರ ಇರಲಿ. ಹತ್ತು ನಿಮಿಷ ಎಲ್ಲರೂ ತಮ್ಮ ತಮ್ಮ ಕಾಗದದಲ್ಲಿ ಓದಿ ಬರೆದುಕೊಳ್ಳಲಿ. ಆಮೇಲೆ ಮಂಡಿಸುವವರ ಪಾಠ. ಕೊನೆಗೆ ಮುದ್ರಿತ ಪಾಠ. ಈ ಕ್ರಮ ತಿರುಗಿದರೆ ಕಥೆ ಮುಗಿಯಿತು: ಅಚ್ಚಾದ ಪಾಠವನ್ನು ಒಮ್ಮೆ ನೋಡಿದ ಕಣ್ಣಿಗೆ ಕಲ್ಲಿನಲ್ಲಿಯೂ ಅದೇ ಕಾಣುತ್ತದೆ. ಮಧ್ಯಕಾಲದ ಲಿಪಿಯಲ್ಲಿ ವ–ಮ, ಪ–ಷ, ದ–ಧ ಒಂದಕ್ಕೊಂದು ತೀರ ಹತ್ತಿರ. ಎಕಾರ, ಒಕಾರಗಳಲ್ಲಿ ಹ್ರಸ್ವ ದೀರ್ಘದ ವ್ಯತ್ಯಾಸವನ್ನೇ ತೋರಿಸುವುದಿಲ್ಲ. ಎಂಟು ಜನ ಬೇರೆಬೇರೆಯಾಗಿ ಓದಿದಾಗ ಆರು ಜನ ‘ವ’ ಎಂದೂ ಇಬ್ಬರು ‘ಮ’ ಎಂದೂ ಬರೆದಿದ್ದರೆ, ಆ ಅಕ್ಷರ ಅನುಮಾನದ್ದು ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಪಾಠದಲ್ಲಿ ಅದನ್ನು ಅನುಮಾನದ್ದೆಂದೇ ಗುರುತು ಹಾಕಿ.

ಚಿತ್ರವೂ ಮೋಸ ಮಾಡುತ್ತದೆ. ಅಕ್ಷರ ಎದ್ದು ಕಾಣಲಿ ಎಂದು ಸೀಮೆಸುಣ್ಣ ತುಂಬಿ ತೆಗೆದ ಫೋಟೊ ತೋರಿಸುವುದು ಸುಣ್ಣ ಹಚ್ಚಿದವರ ಓದನ್ನು, ಕಲ್ಲನ್ನಲ್ಲ. ಹಿಟ್ಟು, ಅರಿಶಿನ, ಎಣ್ಣೆ ಬಳಿದರೆ ಕಲ್ಲಿಗೂ ಕೇಡು. ಬೇಕಿರುವುದು ಓರೆಬೆಳಕು: ಕಲ್ಲಿನ ಮುಖಕ್ಕೆ ಬಹುತೇಕ ಸಮಾನಾಂತರವಾಗಿ ಒಂದು ಪಕ್ಕದಿಂದ ಬೀಳುವ ಬೆಳಕು. ಬಯಲಿನಲ್ಲಾದರೆ ಕಲ್ಲು ನಿಂತ ದಿಕ್ಕಿಗೆ ತಕ್ಕಂತೆ ಬಿಸಿಲು ಪಕ್ಕದಿಂದ ಸವರುವ ಹೊತ್ತು ನೋಡಿಕೊಳ್ಳಬೇಕು, ಗುಡಿಯೊಳಗಾದರೆ ಕೈದೀಪ ಸಾಕು. ನಾಲ್ಕೂ ದಿಕ್ಕಿನಿಂದ ಬೆಳಕು ಬಿಟ್ಟು ನಾಲ್ಕು ಚಿತ್ರ ತೆಗೆಯಬೇಕು, ಪ್ರತಿಯೊಂದರಲ್ಲೂ ಅಳತೆಪಟ್ಟಿ ಇರಬೇಕು. ಎಡದ ಬೆಳಕಿನಲ್ಲಿ ಗೀಟಾಗಿ ಕಂಡದ್ದು ಮೇಲಿನ ಬೆಳಕಿನಲ್ಲಿ ಮಾಯವಾದರೆ ಅದು ಬಿರುಕೇ ಎಂದು ತೀರ್ಮಾನಿಸಬೇಡಿ, ಉಳಿದ ಎರಡನ್ನೂ ನೋಡಿ. ಪಡಿಯಚ್ಚಿನ ತೊಂದರೆಗಳೇ ಬೇರೆ: ಒದ್ದೆ ಕಾಗದವನ್ನು ಬ್ರಷ್‌ನಿಂದ ಸರಿಯಾಗಿ ಬಡಿಯದಿದ್ದರೆ ಕಾಗದ ಅಕ್ಷರದ ಗುಣಿಗೆ ಇಳಿಯುವುದಿಲ್ಲ, ನೀರು ಆರುವ ಮುನ್ನ ಮಸಿ ತಟ್ಟಿದರೆ ಮಸಿ ಹರಡಿ ತೆಳು ಗೀಟುಗಳು ಮುಚ್ಚಿಹೋಗುತ್ತವೆ. ಅದಕ್ಕೇ ಪಡಿಯಚ್ಚು ಮತ್ತು ಫೋಟೊ ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಇಲಾಖೆಯ ಶಾಸನ ಶಾಖೆಯಲ್ಲಿ ದಶಕಗಳಷ್ಟು ಹಳೆಯ ಪಡಿಯಚ್ಚುಗಳಿವೆ. ಕಲ್ಲು ಇಂದು ಸವೆದಿದ್ದರೂ ಹಳೆಯ ಪಡಿಯಚ್ಚಿನಲ್ಲಿ ಅಕ್ಷರ ಉಳಿದಿರುವುದುಂಟು. ಅವುಗಳ ಪ್ರತಿಗೆ ವಿಭಾಗದ ಮುಖ್ಯಸ್ಥರ ಪತ್ರ ಇದ್ದರೆ ವಿದ್ಯಾರ್ಥಿಯ ಅಲೆದಾಟ ಎಷ್ಟೋ ಕಡಿಮೆಯಾಗುತ್ತದೆ.

ತೇದಿಯನ್ನು ಕೂಟದಲ್ಲೇ, ಎಲ್ಲರ ಎದುರಿಗೇ ಲೆಕ್ಕ ಹಾಕಬೇಕು. ಶಾಸನದಲ್ಲಿ ‘ಚಾಲುಕ್ಯ ವಿಕ್ರಮ ವರ್ಷದ 37ನೆಯ ನಂದನ ಸಂವತ್ಸರ’ ಎಂದಿದೆ ಎಂದುಕೊಳ್ಳಿ. ಆರನೆಯ ವಿಕ್ರಮಾದಿತ್ಯನ ಈ ಶಕೆಯ ಮೊದಲ ವರ್ಷ ಶಕ 998 ಗತ (ಮುಗಿದ ವರ್ಷದ ಎಣಿಕೆ), ಅಂದರೆ ಕ್ರಿ.ಶ. 1076. ಹಾಗಾದರೆ 37ನೆಯದು ಶಕ 1034, ಕ್ರಿ.ಶ. 1112. ಈಗ ಸಂವತ್ಸರ ತಾಳೆ ನೋಡಿ: ಗತ ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಬರುವ ಶೇಷವೇ ಪ್ರಭವದಿಂದ ಎಣಿಸಿದ ಕ್ರಮಸಂಖ್ಯೆ. 1034ಕ್ಕೆ 12 ಸೇರಿ 1046, ಶೇಷ 26. ಇಪ್ಪತ್ತಾರನೆಯದು ನಂದನ. ತಾಳೆಯಾಯಿತು. ಶೇಷ ಸೊನ್ನೆ ಬಂದರೆ ಅಕ್ಷಯ. ಒಂದರಷ್ಟು ಹೆಚ್ಚು ಕಡಿಮೆ ಬಂದರೆ ಮೊದಲು ಅನುಮಾನಿಸಬೇಕಾದದ್ದು ಗತ–ವರ್ತಮಾನದ ಗೊಂದಲವನ್ನು: ಕ್ರಿ.ಶ. ಪಡೆಯಲು ಗತ ಶಕ ವರ್ಷಕ್ಕೆ 78, ವರ್ತಮಾನ (ನಡೆಯುತ್ತಿರುವ) ವರ್ಷಕ್ಕೆ 77 ಕೂಡಿಸಬೇಕು. ಹತ್ತು ಇಪ್ಪತ್ತರಷ್ಟು ವ್ಯತ್ಯಾಸ ಬಂದರೆ ಅಂಕೆಯನ್ನೇ ತಪ್ಪು ಓದಿರಬಹುದು, ಕಲ್ಲಿಗೆ ಮರಳಿ. ಹತ್ತನೇ ಶತಮಾನಕ್ಕಿಂತ ಹಿಂದಿನ ಶಾಸನಗಳಿಗೆ ಈ ಸೂತ್ರವನ್ನು ಕಣ್ಣುಮುಚ್ಚಿ ಹಚ್ಚುವಂತಿಲ್ಲ. ಅಲ್ಲಿ ಸಂವತ್ಸರ ಗುರುಗ್ರಹದ ಚಲನೆಯನ್ನು ಹಿಡಿದು ಬರುವುದುಂಟು.

ಪದೇ ಪದೇ ಕಾಣುವ ತಪ್ಪು ಇನ್ನೆರಡು. ಮಾಘ, ಫಾಲ್ಗುಣದ ತೇದಿ ಇದ್ದಾಗ ಕ್ರಿ.ಶ. ವರ್ಷ ಮುಂದಿನದಕ್ಕೆ ದಾಟಿರುತ್ತದೆ, ಗತ ಶಕಕ್ಕೆ 79 ಕೂಡಿಸಬೇಕು. ‘ಉತ್ತರಾಯಣ ಸಂಕ್ರಾಂತಿ’ ಎಂದ ಕೂಡಲೇ ಜನವರಿ 14 ಎಂದು ಬರೆಯುವುದು ಇನ್ನೊಂದು. ಹನ್ನೆರಡನೇ ಶತಮಾನದಲ್ಲಿ ಅದು ಬೀಳುತ್ತಿದ್ದದ್ದು ಡಿಸೆಂಬರ್ 24–25ರ ಸುಮಾರಿಗೆ, ಜೂಲಿಯನ್ ಪಂಚಾಂಗದ ಪ್ರಕಾರ. ತಿಥಿ, ವಾರ ಎರಡೂ ಇದ್ದರೆ ಸ್ವಾಮಿಕಣ್ಣು ಪಿಳ್ಳೈ ಅವರ ಪಂಚಾಂಗ ಕೋಷ್ಟಕಗಳಲ್ಲಿ ಕೂಡಿ ಬರುತ್ತದೆಯೇ ನೋಡಿ. ಬರದಿದ್ದರೆ ತಕ್ಷಣ ಕೂಟಶಾಸನ ಎಂದು ಹಣೆಪಟ್ಟಿ ಹಚ್ಚಬೇಡಿ. ವಾರ ಹೊಂದದ ಅಸಲಿ ಶಾಸನಗಳು ಬೇಕಾದಷ್ಟಿವೆ.

ಅಡಿಟಿಪ್ಪಣಿಯನ್ನೂ ಅಲ್ಲೇ ತೆರೆದು ನೋಡಿ. ಶ್ರವಣಬೆಳಗೊಳದ ಶಾಸನಗಳ ಸಂಪುಟ ಮೂರು ಬಾರಿ ಬಂದಿದೆ: ರೈಸ್ ಅವರದು 1889ರಲ್ಲಿ 144 ಶಾಸನಗಳೊಂದಿಗೆ, ನರಸಿಂಹಾಚಾರ್ಯರದು 1923ರಲ್ಲಿ 500, ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯದು 1973ರಲ್ಲಿ 573. ಒಂದೇ ಶಾಸನಕ್ಕೆ ಮೂರು ಕಡೆ ಮೂರು ಸಂಖ್ಯೆ. ಯಾವ ಆವೃತ್ತಿ ಎಂದು ಹೇಳದೆ ‘ಎ.ಕ. 2’ (ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 2) ಎಂದಷ್ಟೇ ಬರೆದ ಟಿಪ್ಪಣಿಯಿಂದ ಓದುಗ ಬೇರೆ ಯಾವುದೋ ಕಲ್ಲಿನ ಮುಂದೆ ನಿಲ್ಲುತ್ತಾನೆ. ಉಳಿದ ಸಂಪುಟಗಳಲ್ಲೂ ಪರಿಷ್ಕೃತ ಆವೃತ್ತಿಯ ಸಂಖ್ಯೆ ಹಳೆಯದಕ್ಕೆ ಹೊಂದುವುದಿಲ್ಲ. ಆವೃತ್ತಿಯ ವರ್ಷ, ತಾಲೂಕು, ಸಂಖ್ಯೆ, ಸಾಲು — ನಾಲ್ಕೂ ಇರಲಿ.

ಬೇರೆ ವಿಭಾಗದವರು ಬೇಕು ಎಂದೆವಲ್ಲ, ಬೇರೆ ಭಾಷೆಯವರೂ ಬೇಕು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಕ್ರಿ.ಶ. ಎರಡನೇ ಶತಮಾನದ ಪ್ಯಾಪಿರಸ್‌, ಸಂಖ್ಯೆ 413, ಕನ್ನಡಿಗರಿಗೆ ಚಿರಪರಿಚಿತ. ಭಾರತದ ಕರಾವಳಿಯಲ್ಲಿ ಸೆರೆಯಾದ ಖಾರಿಷನ್ ಎಂಬ ಗ್ರೀಕ್ ಹೆಣ್ಣನ್ನು, ಅಲ್ಲಿನ ರಾಜನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವ ಪ್ರಹಸನ ಅದು. ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ ಪ್ರಕಟಿಸಿದರು. ಅದರ ಭಾರತೀಯ ಪಾತ್ರಗಳ ಮಾತು ಕನ್ನಡವಿರಬಹುದು ಎಂದು ಜರ್ಮನ್ ವಿದ್ವಾಂಸ ಹುಲ್ಟ್ಷ್ 1904ರಲ್ಲಿ ವಾದಿಸಿದರು. ನಮ್ಮ ಪ್ರಬಂಧಗಳಲ್ಲಿ ಇದು ‘ಎರಡನೇ ಶತಮಾನದಲ್ಲೇ ಕನ್ನಡ’ ಎಂಬ ಒಂದು ಸಾಲಾಗಿ ಬಂದು ಹೋಗುತ್ತದೆ. ಆದರೆ ಮೂಲದಲ್ಲಿ ಪದ ಬಿಡಿಸಿ ಬರೆದಿಲ್ಲ, ಬಿಡಿಸಿದವರು ಸಂಪಾದಕರು. ಚಕಾರದಂಥ ನಮ್ಮ ಧ್ವನಿಗಳಿಗೆ ಗ್ರೀಕ್‌ನಲ್ಲಿ ಅಕ್ಷರವಿಲ್ಲ. ಹುಲ್ಟ್ಷ್ ಅವರ ಓದಿನಲ್ಲಿ ‘ಹಾಕಿ’ ಎಂಬ ರೂಪವಿದೆ; ಪಕಾರ ಹಕಾರವಾಗುವುದು ಕನ್ನಡದಲ್ಲಿ ಎಷ್ಟೋ ಶತಮಾನಗಳ ಆಮೇಲಿನ ಮಾತು, ಪ್ಯಾಪಿರಸ್ಸಿನಲ್ಲಿ ಆ ಜಾಗದಲ್ಲಿ ಇರುವುದೂ ಪಕಾರವೇ. ಇದನ್ನು ತೂಗಿ ನೋಡಬೇಕಾದರೆ ಹಳಗನ್ನಡ ಬಲ್ಲವರೂ ಗ್ರೀಕ್ ಬಲ್ಲವರೂ ಒಂದೇ ಮೇಜಿಗೆ ಬರಬೇಕು. ಬೆಂಗಳೂರಿನ ದೈವಶಾಸ್ತ್ರ ಕಾಲೇಜುಗಳಲ್ಲಿ ಹೊಸ ಒಡಂಬಡಿಕೆಯ ಗ್ರೀಕ್ ಕಲಿಸುವವರಿದ್ದಾರೆ, ಅದೂ ಹೆಚ್ಚುಕಡಿಮೆ ಅದೇ ಕಾಲದ ಗ್ರೀಕ್. ಇತಿಹಾಸ ವಿಭಾಗದಿಂದ ಅವರಿಗೆ ಒಂದು ಆಹ್ವಾನಪತ್ರ ಹೋಗಲಿ. ಟಾಲೆಮಿಯ ಭೂವಿವರಣೆಯಲ್ಲಿ ಬನವಾಸಿಯನ್ನು, ಬಾದಾಮಿಯನ್ನು ಹುಡುಕುವವರಿಗೂ ಅದೇ ಮೇಜು ಬೇಕು. 1885ರ ಮ್ಯಾಕ್‌ಕ್ರಿಂಡಲ್ ಅನುವಾದ ಒಂದನ್ನೇ ನಂಬಿ ಎಷ್ಟು ದಿನ ಬರೆಯುವುದು?

ಇಲ್ಲಿ ಕಂಸಗಳ ಎಚ್ಚರಿಕೆ ಒಂದಿದೆ. ನಮ್ಮ ಶಾಸನ ಸಂಪುಟಗಳಲ್ಲಿ ಚೌಕ ಕಂಸ ಸವೆದು ಅಸ್ಪಷ್ಟವಾದ ಅಕ್ಷರಕ್ಕೂ ಬರುತ್ತದೆ, ದುಂಡು ಕಂಸ ಕಂಡರಣೆಯ (ಕಲ್ಲಿನ ಕೆತ್ತನೆಯ) ತಪ್ಪನ್ನು ತಿದ್ದಿದ್ದಕ್ಕೆ. ಗ್ರೀಕ್, ಲ್ಯಾಟಿನ್ ಪಾಠಗಳು 1931ರ ಲೈಡನ್ ಸಂಪ್ರದಾಯವನ್ನು ಅನುಸರಿಸುತ್ತವೆ: ಅಲ್ಲಿ ಚೌಕ ಕಂಸದೊಳಗಿನದು ಪೂರ್ತಿ ನಷ್ಟವಾಗಿ ಸಂಪಾದಕ ಊಹಿಸಿ ತುಂಬಿದ್ದು, ಅಸ್ಪಷ್ಟ ಅಕ್ಷರಕ್ಕೆ ಕೆಳಗೊಂದು ಚುಕ್ಕೆ, ದುಂಡು ಕಂಸ ಸಂಕ್ಷೇಪವನ್ನು ಬಿಡಿಸಿದ್ದಕ್ಕೆ. ಒಂದರ ರೂಢಿಯಲ್ಲಿ ಇನ್ನೊಂದನ್ನು ಓದಿದರೆ ಸಂಪಾದಕನ ಊಹೆ ಮೂಲದ ಸಾಕ್ಷಿಯಾಗಿಬಿಡುತ್ತದೆ. ಹಂಚುವ ಹಾಳೆಯ ತಲೆಯಲ್ಲಿ ಯಾವ ಕಂಸಕ್ಕೆ ಯಾವ ಅರ್ಥ ಎಂದು ಎರಡು ಸಾಲು ಬರೆದರೆ ಸಾಕು.

ಎಲ್ಲರ ಮನಸ್ಸಿನಲ್ಲಿರುವ, ಯಾರೂ ಬಾಯಿಬಿಟ್ಟು ಹೇಳದ ಅಡ್ಡಿ ಎಂದರೆ ಕಳವಿನ ಭಯ. ಭಯ ಸುಳ್ಳಲ್ಲ. ಆದರೆ ಬಚ್ಚಿಟ್ಟ ಕೆಲಸಕ್ಕೆ ‘ಇದು ಮೊದಲು ನನ್ನದು’ ಎನ್ನಲು ಸಾಕ್ಷಿಯೇ ಇರುವುದಿಲ್ಲ. ಹಂಚುವ ಪ್ರತಿ ಹಾಳೆಯ ಮೇಲೂ ಹೆಸರು, ದಿನಾಂಕ, ‘ಕರಡು, ಅನುಮತಿಯಿಲ್ಲದೆ ಉಲ್ಲೇಖಿಸಬಾರದು’ ಎಂಬ ಮಾತು ಇರಲಿ. ಒಂದು ಪ್ರತಿ ವಿಭಾಗದ ಇಮೇಲ್‌ಗೆ ಹೋಗಲಿ. ನೋಂದಣಿಯಾದ ಕೂಡಲೇ ಸಾರಲೇಖವನ್ನು ಶೋಧಗಂಗೋತ್ರಿಗೆ ಸೇರಿಸಿ. ನಡೆಯುತ್ತಿರುವ ಸಂಶೋಧನೆಗೆಂದೇ ಅದು ಇರುವುದು, ಅರ್ಧಕ್ಕರ್ಧ ಜನಕ್ಕೆ ಅದರ ನೆನಪಿಲ್ಲ. ಕೂಟದಲ್ಲಿ ಯಾರು ಯಾವ ತಿದ್ದುಪಡಿ ಸೂಚಿಸಿದರು ಎಂದು ಒಬ್ಬರು ಬರೆದುಕೊಳ್ಳಲಿ. ಅದನ್ನು ಒಪ್ಪಿಕೊಂಡವರು ಅಡಿಟಿಪ್ಪಣಿಯಲ್ಲಿ ಹೆಸರು ಹೇಳಲಿ. ಎಂ.ಎ. ವಿದ್ಯಾರ್ಥಿ ಹೇಳಿದ್ದಾದರೂ ಸರಿಯೇ.

ಹಂಚಬಾರದ್ದು ಒಂದಿದೆ: ಕಾವಲಿಲ್ಲದ ಜಾಗದಲ್ಲಿ ಹೊಸದಾಗಿ ಕಂಡ ಶಾಸನದ, ಗುಡಿಯ, ಮೂರ್ತಿಯ ನಿಖರ ನೆಲೆ. ಜಿಪಿಎಸ್ ಅಂಕಿ ವಾಟ್ಸ್ಆ್ಯಪ್ ಗುಂಪಿಗೆ ಬಿದ್ದರೆ ಸಂಶೋಧಕರಿಗಿಂತ ಮೊದಲು ನಿಧಿಗಳ್ಳರು ಅಲ್ಲಿರುತ್ತಾರೆ. ಫೋಟೊ ಕಡತದೊಳಗೂ ನೆಲೆಯ ಮಾಹಿತಿ ಅಡಗಿರುತ್ತದೆ, ಕಳಿಸುವ ಮುನ್ನ ಅದನ್ನು ತೆಗೆಯಬೇಕು. ನೆಲದಲ್ಲಿ ತಾಮ್ರಪಟವೋ ನಾಣ್ಯವೋ ಸಿಕ್ಕರೆ ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸುವುದು ಮೊದಲು, ಕೂಟ ಆಮೇಲೆ.

ಕುಲಪತಿಗಳಲ್ಲಿ ಕೇಳುವುದು ಹೆಚ್ಚೇನಿಲ್ಲ. ಶನಿವಾರ ಮಧ್ಯಾಹ್ನ ಎರಡು ಗಂಟೆ ಬೀಗ ಹಾಕದ ಒಂದು ಕೋಣೆ, ಕತ್ತಲು ಮಾಡಬಹುದಾದ ಕಿಟಕಿ, ಪ್ರೊಜೆಕ್ಟರ್. ವಾರದ ದಿನ ಇಟ್ಟರೆ ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಲೇ ಸಂಶೋಧನೆ ಮಾಡುವವರು ಬರಲಾರರು; ದೂರದವರಿಗೆ ಆನ್‌ಲೈನ್ ಕೊಂಡಿಯೂ ಇರಲಿ. ಮಂಡನೆ ಇಪ್ಪತ್ತು ನಿಮಿಷ, ಚರ್ಚೆಗೆ ಕನಿಷ್ಠ ಅದರ ಎರಡರಷ್ಟು. ಮಾತು ಕನ್ನಡದಲ್ಲೂ ನಡೆಯಲಿ, ಪ್ರಬಂಧ ಇಂಗ್ಲಿಷಿನಲ್ಲಿದ್ದರೂ ಸರಿ. ಪಡಿಯಚ್ಚಿನ ಪ್ರತಿ, ಅಂತರ ಗ್ರಂಥಾಲಯ ಎರವಲಿನ ಖರ್ಚಿಗೆ ವಿಭಾಗದಲ್ಲಿ ಒಂದು ಸಣ್ಣ ಬಾಬ್ತು ಇರಲಿ. ಸಲಹಾ ಸಮಿತಿಗಳು ಕೂಟದ ಟಿಪ್ಪಣಿಯನ್ನು ತರಿಸಿ ನೋಡಲಿ: ಅರ್ಧ ವರ್ಷದ ವರದಿಗಿಂತ ಅದರಲ್ಲಿ ಕೆಲಸ ಚೆನ್ನಾಗಿ ಕಾಣುತ್ತದೆ.

ದಯವಿಟ್ಟು ಪ್ರಮಾಣಪತ್ರ ಕೊಡಬೇಡಿ. ಕೊಟ್ಟ ದಿನದಿಂದ ಅದಕ್ಕಾಗಿಯೇ ಬರುವವರು ಕೋಣೆ ತುಂಬುತ್ತಾರೆ. ಹಾಜರಾತಿ ಕಡ್ಡಾಯ ಎಂಬ ಸುತ್ತೋಲೆಯೂ ಬೇಡ. ಮೊದಲ ಕೂಟಕ್ಕೆ ಹೊಸ ಶೋಧ ಹುಡುಕಿಕೊಂಡು ಕೂರಬೇಕಿಲ್ಲ. ವಿಶ್ವವಿದ್ಯಾಲಯದ ಹತ್ತಿರದ ಊರಿನಲ್ಲಿರುವ, ಈಗಾಗಲೇ ಅಚ್ಚಾಗಿರುವ ಒಂದು ವೀರಗಲ್ಲಿನ ಶಾಸನ ತೆಗೆದುಕೊಳ್ಳಿ. ನಾಲ್ಕು ದಿಕ್ಕಿನ ಬೆಳಕಿನಲ್ಲಿ ಚಿತ್ರ ತೆಗೆದು, ಮುದ್ರಿತ ಪಾಠ ಮುಚ್ಚಿಟ್ಟು ಓದಿ, ಆಮೇಲೆ ಸಂಪುಟ ತೆರೆದು ಸಾಲುಸಾಲಾಗಿ ಹೋಲಿಸಿ. ಬರುವ ಸೆಮಿಸ್ಟರ್ ಶುರುವಾಗುವ ಮುನ್ನ ಯಾವ ಶನಿವಾರ, ಯಾವ ಕೋಣೆ ಎಂಬ ಎರಡು ಸಾಲನ್ನು ವಿಭಾಗದ ಫಲಕದಲ್ಲಿ ಹಾಕಿಸಿದರೆ ಉಳಿದ ಏರ್ಪಾಡನ್ನು ವಿದ್ಯಾರ್ಥಿಗಳೇ ನೋಡಿಕೊಳ್ಳುತ್ತಾರೆ.

ಇತಿ,
ಇತಿಹಾಸ, ಶಾಸನ ಮತ್ತು ಹಳಗನ್ನಡ ಅಧ್ಯಯನದಲ್ಲಿ ತೊಡಗಿರುವ ಕೆಲವರು